ಅಡ್ವಾನ್ಸ್ ಹಣ ಮನೆಯ ಮಾಲೀಕರದಲ್ಲ

ಬೆಂಗಳೂರಿನಲ್ಲಿ ಮನೆ ಬಾಡಿಗೆಗೆ ಕೊಡುವಾಗ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಪಡೆಯುವುದು ಬಹುಕಾಲದ ರೂಢಿ. ಬನಶಂಕರಿಯ ನಮ್ಮ ಮಹಡಿ ಮನೆಗೆ ಬಾಡಿಗೆ 15,000 ರೂಪಾಯಿಯಾದ್ದರಿಂದ ಅಡ್ವಾನ್ಸ್ ಒಂದೂವರೆ ಲಕ್ಷವಾಗುತ್ತದೆ. ಮೊದಲ ಬಾಡಿಗೆದಾರರು ಕೊಟ್ಟ ಹಣವನ್ನು ನಾನು ಮನೆಯ ಖರ್ಚಿಗೆ ಬಳಸಿಕೊಂಡಿದ್ದೆ. ಅವರು ಖಾಲಿ ಮಾಡಿದಾಗ, ಮುಂದಿನವರು ಬರುವ ತನಕ, ಚಿಕ್ಕ ಮಗುವಿದ್ದ ಆ ಸಂಸಾರವನ್ನು ಅಡ್ವಾನ್ಸ್ ಹಿಂದಿರುಗಿಸದೆ ಒಂದೂವರೆ ತಿಂಗಳು ಕಾಯಿಸಿದೆ. ಹೊಸ ಮನೆಗೆ ಅಡ್ವಾನ್ಸ್ ಕಟ್ಟಲು ಅವರು ಸಾಲ ಮಾಡಿದ್ದರೆಂದು ಆಮೇಲೆ ತಿಳಿಯಿತು. ಅಂದಿನಿಂದ ಅಡ್ವಾನ್ಸ್ ಹಣವನ್ನು ಬ್ಯಾಂಕಿನಲ್ಲಿ ಬೇರೆಯೇ ಠೇವಣಿ ಇಡುತ್ತಿದ್ದೇನೆ.

ಕರಾರು ಪತ್ರವನ್ನು ಎಲ್ಲರಂತೆ ನಾವೂ 11 ತಿಂಗಳಿಗೇ ಮಾಡಿಸುತ್ತೇವೆ. ಒಂದು ವರ್ಷವನ್ನು ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾಗಿರುವುದು ಇದಕ್ಕೆ ಕಾರಣ. ಆದರೆ ಜಗಳ ಹುಟ್ಟುವುದು ಅವಧಿಯ ವಿಷಯಕ್ಕಲ್ಲ, ಹೆಚ್ಚಾಗಿ ಗೋಡೆ, ನಲ್ಲಿ, ಬಾಗಿಲುಗಳ ವಿಷಯಕ್ಕೆ.

ಒಮ್ಮೆ ಮಲಗುವ ಕೋಣೆಯ ಗೋಡೆಯಲ್ಲಿ, ನೆಲದಿಂದ ಮೊಳದೆತ್ತರಕ್ಕೆ ಬಣ್ಣ ಉಬ್ಬಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ಬಾಡಿಗೆದಾರರು ಒದ್ದೆ ಬಟ್ಟೆ ಒಣಹಾಕಿ ಹಾಗಾಗಿದೆಯೆಂದು ತೀರ್ಮಾನಿಸಿ 8,000 ರೂಪಾಯಿ ಹಿಡಿದುಕೊಂಡೆ. ತಿಂಗಳ ನಂತರ ಪ್ಲಂಬರ್ ಗೋಡೆ ಒಡೆದಾಗ, ಸ್ನಾನದ ಮನೆಯಿಂದ ಬರುವ ಹಳೆಯ ಕಬ್ಬಿಣದ ಪೈಪಿನ ಜೋಡಣೆ ತುಕ್ಕು ಹಿಡಿದು ಹನಿಹನಿಯಾಗಿ ಸೋರುತ್ತಿತ್ತು. ಆ ಪೈಪು ಅವರು ಬರುವುದಕ್ಕೆ ಇಪ್ಪತ್ತು ವರ್ಷ ಮೊದಲು ಹಾಕಿದ್ದು. ಫೋನ್ ಮಾಡಿ, ಕ್ಷಮೆ ಕೇಳಿ, ಹಣ ಹಿಂದಿರುಗಿಸಿದೆ. "ನಾವು ಎರಡು ಸಲ ಹೇಳಿದ್ದೆವಲ್ಲ ಸರ್, ಗೋಡೆ ತಣ್ಣಗಿದೆ ಅಂತ" ಎಂದಷ್ಟೇ ಅಂದರು. ನಿಜ, ಅವರು ಹೇಳಿದ್ದರು. ನಾನು ಹೋಗಿ ನೋಡಿರಲಿಲ್ಲ.

ಈಗ ಕೀಲಿಕೈ ಕೊಡುವ ದಿನವೇ ಬಾಡಿಗೆದಾರರ ಜೊತೆ ಕೋಣೆ ಕೋಣೆ ಸುತ್ತಿ, ಪ್ರತಿ ಗೋಡೆಯ ಫೋಟೊ ತೆಗೆದು, ವಿದ್ಯುತ್ ಮೀಟರಿನ ಅಂಕಿ, ಗೀಸರಿನ ಸ್ಥಿತಿ, ಸಿಂಕಿನ ಕೆಳಗಿನ ಪೈಪು ಎಲ್ಲವನ್ನೂ ಬರೆದು ಇಬ್ಬರೂ ಸಹಿ ಹಾಕುತ್ತೇವೆ. ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ಪದ್ಧತಿಯನ್ನೂ ಬದಲಿಸಿದ್ದೇನೆ. ಮೂರು ವರ್ಷ ಜನ ಬಾಳಿದ ಮನೆಗೆ ಹೇಗೂ ಬಣ್ಣ ಬೇಕಾಗುತ್ತದೆ. ಅದು ಮನೆಯ ಸವಕಳಿ, ಅದರ ವೆಚ್ಚ ನನ್ನದು. ಮೂರು ವರ್ಷದೊಳಗೆ ಬಿಟ್ಟರೆ ಅರ್ಧ ಬಾಡಿಗೆಯಷ್ಟೇ ಹಿಡಿಯುವುದೆಂದು ಕರಾರಿನಲ್ಲಿ ಮೊದಲೇ ಬರೆಸುತ್ತೇನೆ.

ಕಳೆದ ಸಲ ಖಾಲಿ ಮಾಡಿದವರು ನಾಲ್ಕು ವರ್ಷ ಇದ್ದರು. ಸಾಮಾನಿನ ಗಾಡಿ ಹೊರಡುವ ಮೊದಲು ಹಳೆಯ ಪಟ್ಟಿಯನ್ನು ಹಿಡಿದು ಇಬ್ಬರೂ ಮನೆ ಸುತ್ತಿದೆವು. ಒಡೆದಿದ್ದ ಒಂದು ಕಿಟಕಿಯ ಗಾಜಿನ ಬೆಲೆಯನ್ನು ಅವರೇ ಹೇಳಿದರು. ಅದನ್ನು ಕಳೆದು ಉಳಿದ ಹಣವನ್ನು ಅಲ್ಲಿಯೇ ನಿಂತು ಅವರ ಖಾತೆಗೆ ಕಳಿಸಿದೆ.