ಕ್ಯಾಸೆಟ್ ಎಸಿ: ಮೊದಲು ನೀರಿನ ದಾರಿ, ಆಮೇಲೆ ಮಷಿನ್ ಜಾಗ

ದಾವಣಗೆರೆಯ ಚೌಕಿಪೇಟೆ, ಮಂಡಿಪೇಟೆಯ ಅಂಗಡಿಗಳಿಂದ ಹಿಡಿದು ಚಿತ್ರದುರ್ಗದ ಬಿ.ಡಿ. ರಸ್ತೆಯ ಕ್ಲಿನಿಕ್‌ಗಳವರೆಗೆ ಈಗ ಸೀಲಿಂಗ್‌ನಲ್ಲಿ ಕೂರುವ ಕ್ಯಾಸೆಟ್ ಎಸಿಗೇ ಬೇಡಿಕೆ. ಗೋಡೆ ಪೂರ್ತಿ ರ‍್ಯಾಕ್‌ಗೆ ಉಳಿಯುತ್ತದೆ, ಗಾಳಿ ನಾಲ್ಕೂ ಕಡೆ ಹರಿಯುತ್ತದೆ. ಆದರೆ ಮಾರ್ಚ್‌ನಲ್ಲಿ ಹಾಕಿಸಿದ ಮಷಿನ್ ಮಳೆಗಾಲ ಹಿಡಿಯುವ ಹೊತ್ತಿಗೆ ಜಿಪ್ಸಮ್ ಮೇಲೆ ಕಂದು ಕಲೆ ಮೂಡಿಸಿ, ಸೀರೆಯ ಕಟ್ಟಿನ ಮೇಲೆ ತೊಟ್ಟಿಕ್ಕುವುದೂ ಅಷ್ಟೇ ಸಾಮಾನ್ಯ. ಬಹಳಷ್ಟು ಸಲ ಮಷಿನ್‌ನಲ್ಲಿ ಯಾವ ದೋಷವೂ ಇರುವುದಿಲ್ಲ. ಕೋಣೆಯ ನಟ್ಟನಡುವೆ ಗುರುತು ಹಾಕಿ, ನೀರಿನ ಪೈಪ್ ಎಲ್ಲಿಂದ ಹೊರಗೆ ಹೋಗಬೇಕು ಎಂಬುದನ್ನು ಕೊನೆಗೆ ಯೋಚಿಸಿರುತ್ತಾರೆ. ಇದು ತಿರುವುಮುರುವು ಆಗಬೇಕು.

2 ಟನ್ ಮಷಿನ್ ತೇವ ಹೆಚ್ಚಿರುವ ದಿನ ತಾಸಿಗೆ ಎರಡು ಲೀಟರ್‌ಗೂ ಮೇಲೆ ನೀರು ಇಳಿಸುತ್ತದೆ. ಅದು ಮಷಿನ್ ಅಡಿಯ ಟ್ರೇನಲ್ಲಿ ಸೇರುತ್ತದೆ. ಒಳಗಿನ ಸಣ್ಣ ಪಂಪ್ ಅದನ್ನು ಮೇಲಕ್ಕೆತ್ತಿ ಡ್ರೈನ್ ಪೈಪ್‌ಗೆ ಬಿಡುತ್ತದೆ. ಎತ್ತುವ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಬಹಳಷ್ಟರಲ್ಲಿ 750 ಮಿ.ಮೀ. ಆಸುಪಾಸು. ಅಷ್ಟು ಎತ್ತಿದ ಮೇಲೆ ಪಂಪ್‌ನ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ನೀರು ತಾನಾಗಿ ಹರಿಯಬೇಕು, ಅಂದರೆ ಪೈಪ್‌ಗೆ ವಾಟ ಬೇಕು. ಕನಿಷ್ಠ 100ಕ್ಕೆ 1 ವಾಟ: 10 ಮೀಟರ್ ಪೈಪ್‌ಗೆ 100 ಮಿ.ಮೀ. ಇಳಿತ. ಹೊರಗೋಡೆ 12 ಮೀಟರ್ ದೂರವಿದ್ದರೆ 120 ಮಿ.ಮೀ. ಸೀಲಿಂಗ್ ಒಳಗೆ ಇಷ್ಟು ಎತ್ತರ ಸಿಗುತ್ತದೋ ಇಲ್ಲವೋ ಎಂಬುದೇ ಮಷಿನ್ ಎಲ್ಲಿ ಕೂರಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಅಡ್ಡ ಬರುವುದು ಬೀಮ್. ಸ್ಲ್ಯಾಬ್‌ನಿಂದ ಕೆಳಗೆ ಇಳಿದಿರುವ ಬೀಮ್ ದಾಟಿ ಪೈಪ್ ಹೋಗಬೇಕೆಂದರೆ ಅದರ ಅಡಿಯಿಂದಲೇ ಹೋಗಬೇಕು. ಬೀಮ್‌ಗೆ ತೂತು ಕೊರೆಯುವ ಮಾತೇ ಬೇಡ, ಒಳಗಿನ ಕಬ್ಬಿಣ ತುಂಡಾದರೆ ಕಟ್ಟಡಕ್ಕೇ ಪೆಟ್ಟು. ಹಾಗಾಗಿ ಟೇಪ್ ಹಿಡಿದು ಮೂರು ಅಳತೆ ಬರೆದುಕೊಳ್ಳಿ: ಸ್ಲ್ಯಾಬ್‌ನಿಂದ ಫಾಲ್ಸ್ ಸೀಲಿಂಗ್‌ಗೆ ಎಷ್ಟು, ಬೀಮ್ ಅಡಿಯಿಂದ ಫಾಲ್ಸ್ ಸೀಲಿಂಗ್‌ಗೆ ಎಷ್ಟು, ಮಷಿನ್‌ನಿಂದ ನೀರು ಬಿಡುವ ಜಾಗಕ್ಕೆ ಎಷ್ಟು. ಲೆಕ್ಕ ಕೂಡದಿದ್ದರೆ ಮಷಿನ್ ಅನ್ನು ಹೊರಗೋಡೆಯ ಕಡೆ ಸರಿಸಿ. ನಡುವಿನಿಂದ ಎರಡಡಿ ಪಕ್ಕಕ್ಕೆ ಹೋದರೆ ತಂಪಿನಲ್ಲಿ ಹೆಚ್ಚು ಕಡಿಮೆಯಾಗುವುದಿಲ್ಲ. ಗೋಡೆಯಿಂದ ಒಂದೂವರೆ ಮೀಟರ್ ಬಿಡುವಿದ್ದರೆ ಸಾಕು.

ಇನ್ನು ಎಷ್ಟು ಟನ್? ಚದರಡಿ ಲೆಕ್ಕವೊಂದನ್ನೇ ನಂಬಬೇಡಿ. ಮೇಲೆ ಬಿಸಿಲು ಬೀಳುವ ಆರ್‌ಸಿಸಿ ಮಾಳಿಗೆ ಇದ್ದರೆ 1 ಟನ್‌ಗೆ 100ರಿಂದ 120 ಚದರಡಿ, ಮೇಲೆ ಇನ್ನೊಂದು ಮಹಡಿ ಇದ್ದರೆ 150ರವರೆಗೆ ಹಿಡಿಯುವುದು ರೂಢಿ. ಆದರೆ ಕೋಚಿಂಗ್ ಕ್ಲಾಸ್‌ನಲ್ಲಿ ಜನರ ಶಾಖವೇ ದೊಡ್ಡದು. ಕೂತ ಮನುಷ್ಯ ಸುಮಾರು 120 ವ್ಯಾಟ್ ಶಾಖ ಬಿಡುತ್ತಾನೆ. 40 ಹುಡುಗರು ಎಂದರೆ 4.8 ಕಿಲೋವ್ಯಾಟ್, 1 ಟನ್ ಅಂದರೆ ಸುಮಾರು 3.5 ಕಿಲೋವ್ಯಾಟ್, ಹಾಗಾಗಿ ಬರೀ ಹುಡುಗರಿಗೇ 1.4 ಟನ್ ಬೇಕು. ಅಂಥ ಕೋಣೆಗೆ 4 ಟನ್‌ನ ಒಂದು ಮಷಿನ್‌ಗಿಂತ 2 ಟನ್‌ನ ಎರಡು ಒಳ್ಳೆಯದು: ಒಂದು ನಿಂತರೂ ಪಾಠ ನಡೆಯುತ್ತದೆ. ಕ್ಯಾಸೆಟ್ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಹೊರಗಿನ ಗಾಳಿಗೆ ಬೇರೆ ಏರ್ಪಾಟು ಬೇಕೆಂಬುದನ್ನೂ ಮಾಲೀಕರಿಗೆ ಆಗಲೇ ಹೇಳಿಬಿಡಿ.

ನೇತು ಹಾಕುವುದಕ್ಕೆ 10 ಮಿ.ಮೀ. ಥ್ರೆಡ್ ರಾಡ್ ನಾಲ್ಕು, ಅದೇ ಅಳತೆಯ ಡ್ರಾಪ್-ಇನ್ ಆ್ಯಂಕರ್ (ಸ್ಲ್ಯಾಬ್‌ನ ತೂತಿನೊಳಗೆ ಕೂತು ರಾಡ್ ಹಿಡಿಯುವ ಲೋಹದ ಕೊಳವೆ) ನಾಲ್ಕು, ಒಂದೊಂದು ರಾಡ್‌ಗೆ ಮೂರು ನಟ್, ಎರಡು ಅಗಲ ವಾಷರ್. ಆ್ಯಂಕರ್‌ಗೆ 12 ಮಿ.ಮೀ. ಬಿಟ್‌ನಲ್ಲಿ 40 ಮಿ.ಮೀ. ಆಳ ಕೊರೆಯಬೇಕು, ಆ 40 ಕಾಂಕ್ರೀಟ್‌ನಲ್ಲೇ ಇರಬೇಕು. ಗಿಲಾವು ದಪ್ಪವಿದ್ದ ಕಡೆ ಮೊದಲು ಗಿಲಾವು ಕೆತ್ತಿ ಸ್ಲ್ಯಾಬ್ ಕಾಣಿಸಿಕೊಳ್ಳಿ. ತೂತಿನ ಧೂಳು ಊದಿ ತೆಗೆದು, ಆ್ಯಂಕರ್ ಒಳಗೆ ಬಡಿದು, ಸೆಟ್ಟಿಂಗ್ ಪಂಚ್‌ನಿಂದ ಒಳಗಿನ ಪಿನ್ ಕೂರಿಸಿದರೆ ಮಾತ್ರ ಅದು ಹಿಗ್ಗಿ ಹಿಡಿಯುತ್ತದೆ. ಪಂಚ್ ಇಲ್ಲದೆ ಬರೀ ರಾಡ್ ತಿರುಗಿಸಿ ಬಿಡುವವರಿದ್ದಾರೆ. ಅದು ಅವತ್ತು ನಿಲ್ಲುತ್ತದೆ, ಫ್ಯಾನ್‌ನ ನಡುಕಕ್ಕೆ ದಿನಗಳೆದಂತೆ ಸಡಿಲವಾಗುತ್ತದೆ. ಹಳೇ ಪೇಟೆಯ ಕಟ್ಟಡಗಳಲ್ಲಿ ಮೇಲೆ ಕಲ್ಲು ಚಪ್ಪಡಿ ಅಥವಾ ಜಂತಿ ಇದ್ದರೆ ಅದಕ್ಕೆ ಆ್ಯಂಕರ್ ಹೊಡೆಯಲೇಬೇಡಿ. ಗೋಡೆಯಿಂದ ಗೋಡೆಗೆ ಎರಡು ಕಬ್ಬಿಣದ ಚಾನಲ್ ಕೂರಿಸಿ, ರಾಡ್ ಅದರಿಂದ ಇಳಿಬಿಡಿ. ಜಿಪ್ಸಮ್ ಫ್ರೇಮ್ ಮೇಲೆ ಮಷಿನ್‌ನ ಭಾರ ಒಂದು ಕೆ.ಜಿ.ಯೂ ಬೀಳಬಾರದು.

ರಾಡ್ ಗುರುತು ಹಾಕುವಾಗ ಪೆಟ್ಟಿಗೆಯಲ್ಲಿ ಬರುವ ಕಾಗದದ ನಮೂನೆಯನ್ನೇ ಬಳಸಿ. ಮಷಿನ್ ಚೌಕವಾಗಿದ್ದರೂ ನಾಲ್ಕು ರಾಡ್‌ಗಳ ನಡುವಿನ ಅಂತರ ಎರಡೂ ಬದಿಗೆ ಒಂದೇ ಇರುವುದಿಲ್ಲ. ನಮೂನೆ 90 ಡಿಗ್ರಿ ತಿರುಗಿತೆಂದರೆ ಪೈಪ್ ಹೊರಡುವ ಮೂಲೆ ಬೇರೆ ಕಡೆಗೆ ಹೋಗುತ್ತದೆ, ತೂತು ಮತ್ತೆ ಹೊಡೆಯಬೇಕಾಗುತ್ತದೆ. ದೊಡ್ಡ ಕ್ಯಾಸೆಟ್‌ನ ದೇಹ 840 ಮಿ.ಮೀ. ಚೌಕ, ಮುಖದ ಪ್ಯಾನೆಲ್ 950. ಸೀಲಿಂಗ್‌ನ ತೂತು ಇವೆರಡರ ನಡುವೆ, 900ರ ಆಸುಪಾಸು. ತೂತಿನ ಸುತ್ತ ಜಿಪ್ಸಮ್‌ಗೆ ಬೇರೆ ಫ್ರೇಮ್ ಕಟ್ಟಿಸಿ. ಪೈಪ್ ಮೂಲೆಯ ಪಕ್ಕ 450 ಮಿ.ಮೀ. ಚೌಕದ ಒಂದು ಬಾಗಿಲು ಬಿಡಿಸಿ. ಸೀಲಿಂಗ್ ಚೆಂದ ಕೆಡುತ್ತದೆ ಎಂದು ಮಾಲೀಕರು ಬೇಡವೆನ್ನಬಹುದು. ಆದರೂ ಪಟ್ಟು ಬಿಡಬೇಡಿ: ಆ ಬಾಗಿಲಿಲ್ಲದಿದ್ದರೆ ಪೈಪ್‌ನ ಜಾಯಿಂಟ್ ನೋಡಲು ನಾಳೆ ಸೀಲಿಂಗನ್ನೇ ಒಡೆಯಬೇಕು.

ಮಟ್ಟ ನೋಡುವಾಗ ಸ್ಪಿರಿಟ್ ಲೆವೆಲ್ ಒಂದು ಬದಿಗೆ ಇಟ್ಟು ಬಿಡುವುದು ಸಾಲದು. ಪಾರದರ್ಶಕ ಪೈಪ್‌ನಲ್ಲಿ ನೀರು ತುಂಬಿಸಿ ನಾಲ್ಕೂ ಮೂಲೆ ಹೋಲಿಸಿ. ಡ್ರೈನ್ ಬದಿ ಎತ್ತರವಾಯಿತೋ, ಟ್ರೇನಲ್ಲಿ ನೀರು ಎದುರು ಮೂಲೆಗೆ ಸರಿಯುತ್ತದೆ. ಪಂಪ್ ಮತ್ತು ಫ್ಲೋಟ್ ಸ್ವಿಚ್ (ಟ್ರೇನಲ್ಲಿ ನೀರು ಏರಿದ್ದನ್ನು ತಿಳಿಯುವ ಸ್ವಿಚ್) ಇರುವುದು ಡ್ರೈನ್ ಬದಿಯಲ್ಲಿ. ಅಲ್ಲಿ ನೀರೇ ಇಲ್ಲದ್ದರಿಂದ ಸ್ವಿಚ್‌ಗೆ ಏನೂ ತಿಳಿಯುವುದಿಲ್ಲ, ಎದುರು ಮೂಲೆಯಿಂದ ತೊಟ್ಟಿಕ್ಕಲು ಶುರು. ಸರಿಯಾದ ಮೇಲೆ ಬ್ರಾಕೆಟ್‌ನ ಮೇಲೊಂದು ಕೆಳಗೊಂದು ನಟ್ ಬಿಗಿದು, ಅಡಿಯಲ್ಲಿ ಇನ್ನೊಂದು ಲಾಕ್ ನಟ್ ಹಾಕಿ.

ಡ್ರೈನ್‌ಗೆ 25 ಮಿ.ಮೀ. ಒಳವ್ಯಾಸಕ್ಕೆ ಕಡಿಮೆಯಿಲ್ಲದ ಗಟ್ಟಿ ಪಿವಿಸಿ ಪೈಪ್ ಬೇಕು. ಬಳುಕುವ ಹೋಸ್ ಮಷಿನ್‌ನ ಬಾಯಿಯ ಹತ್ತಿರ ಮಾತ್ರ, ಅದೂ ಕ್ಲಾಂಪ್ ಬಿಗಿದು. ಬಾಯಿಯಿಂದ ಹೊರಟ ಪೈಪ್ 300 ಮಿ.ಮೀ. ಒಳಗೇ ನೆಟ್ಟಗೆ ಮೇಲೆದ್ದು, ಬೇಕಾದ ಎತ್ತರ ಮುಟ್ಟಿ, ಅಲ್ಲಿಂದ ವಾಟದಲ್ಲಿ ಹೊರಡಬೇಕು. ದೂರ ಹೋಗಿ ಆಮೇಲೆ ಎದ್ದರೆ, ಪಂಪ್ ನಿಂತ ಕೂಡಲೇ ಪೈಪ್‌ನಲ್ಲಿದ್ದ ನೀರೆಲ್ಲ ಟ್ರೇಗೆ ವಾಪಸ್ ಬರುತ್ತದೆ. 1 ಮೀಟರ್‌ಗೊಂದು ಹ್ಯಾಂಗರ್ ಹಾಕದಿದ್ದರೆ ಪೈಪ್ ನಡುವೆ ಜೋತು ನೀರು ನಿಲ್ಲುತ್ತದೆ, ಅಲ್ಲಿ ಲೋಳೆ ಕಟ್ಟುತ್ತದೆ. ಎರಡು ಮೂರು ಮಷಿನ್‌ಗೆ ಒಂದೇ ದೊಡ್ಡ ಪೈಪ್ ಮಾಡುವುದಾದರೆ ಪ್ರತಿಯೊಂದನ್ನೂ ಮೇಲಿನಿಂದ ಕೂಡಿಸಿ. ಅಡಿಯಿಂದ ಕೂಡಿಸಿದರೆ ಒಂದರ ನೀರು ಇನ್ನೊಂದಕ್ಕೆ ಹೋಗುತ್ತದೆ. ಪೂರ್ತಿ ಉದ್ದಕ್ಕೆ 9 ಮಿ.ಮೀ. ನೈಟ್ರೈಲ್ ರಬ್ಬರ್ ಫೋಮ್ ಹೊದಿಸಿ. ಕೊನೆಯನ್ನು ಕೊಳಚೆ ಪೈಪ್‌ಗೆ ಕೂಡಿಸಬೇಡಿ. ಗಬ್ಬುವಾಸನೆ ಕೋಣೆಗೆ ಬರುತ್ತದೆ, ಆ ಗ್ಯಾಸ್ ಕಾಯಿಲ್‌ನ ತಾಮ್ರವನ್ನೂ ತಿನ್ನುತ್ತದೆ.

ಗ್ಯಾಸ್ ಓಡಾಡುವ ತಾಮ್ರದ ಪೈಪ್ ಎರಡು: 1.5 ಟನ್‌ಗೆ ಸಾಮಾನ್ಯವಾಗಿ ಕಾಲಿಂಚು ಮತ್ತು ಅರ್ಧ ಇಂಚು. 3 ಟನ್‌ಗೆ 3/8 ಮತ್ತು 5/8. ಎರಡಕ್ಕೂ ಬೇರೆ ಬೇರೆ ಹೊದಿಕೆ, ದಪ್ಪ 13 ಮಿ.ಮೀ.ಗೆ ಕಡಿಮೆ ಬೇಡ. ಬ್ರೇಜಿಂಗ್ (ಟಾರ್ಚ್‌ನಿಂದ ಕಾಯಿಸಿ ಬೆಸೆಯುವುದು) ಮಾಡುವಾಗ ಒಳಗೆ ನೈಟ್ರೋಜನ್ ನಿಧಾನವಾಗಿ ಹರಿಯುತ್ತಿರಬೇಕು, ಇಲ್ಲದಿದ್ದರೆ ಒಳಗೋಡೆಯಲ್ಲಿ ಕಪ್ಪು ಹೊಪ್ಪಳೆ ಎದ್ದು ಗ್ಯಾಸ್‌ನ ಹರಿವು ಹತೋಟಿಯಲ್ಲಿಡುವ ಎಕ್ಸ್‌ಪ್ಯಾನ್ಶನ್ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಫ್ಲೇರ್ (ಅಗಲಿಸಿದ ಪೈಪ್ ತುದಿ) ಹಿಡಿದಿಡುವ ನಟ್ ಅನ್ನು ಎರಡು ಸ್ಪ್ಯಾನರ್ ಹಿಡಿದೇ ಬಿಗಿಯಿರಿ, ಕೈಲಾದರೆ ಟಾರ್ಕ್ ರೆಂಚ್‌ನಲ್ಲಿ: ಕಾಲಿಂಚಿಗೆ 14ರಿಂದ 18 ನ್ಯೂಟನ್ ಮೀಟರ್, ಅರ್ಧ ಇಂಚಿಗೆ 50ರಿಂದ 60. ಅತಿಯಾಗಿ ಬಿಗಿದರೆ ಫ್ಲೇರ್ ತೆಳ್ಳಗಾಗಿ ಆಮೇಲೆ ಸೀಳುತ್ತದೆ.

ಲೀಕ್ ನೋಡಲು ರೆಗ್ಯುಲೇಟರ್ ಹಾಕಿ ನೈಟ್ರೋಜನ್ 500 ಪಿಎಸ್‌ಐ (ಒತ್ತಡದ ಅಳತೆ) ತುಂಬಿಸಿ, ಔಟ್‌ಡೋರ್‌ನ (ಹೊರಗಿಡುವ ಮಷಿನ್‌ನ) ವಾಲ್ವ್ ಮುಚ್ಚಿಟ್ಟೇ, 24 ತಾಸು ಬಿಡಿ. ಕೈಗೆ ಹತ್ತಿರ ಇದೆಯೆಂದು ಆಕ್ಸಿಜನ್ ಎಂದಿಗೂ ತುಂಬಿಸಬೇಡಿ. ಎಣ್ಣೆ ಜೊತೆ ಸೇರಿದರೆ ಸಿಡಿಯುತ್ತದೆ. ನಮ್ಮ ಕಡೆ ಏಪ್ರಿಲ್‌ನಲ್ಲಿ ಮಧ್ಯಾಹ್ನ 38 ಡಿಗ್ರಿ ಇದ್ದದ್ದು ಬೆಳಗಿನ ಜಾವ 22ಕ್ಕೆ ಇಳಿಯುತ್ತದೆ. ಈ ಒತ್ತಡದಲ್ಲಿ ಒಂದು ಡಿಗ್ರಿಗೆ ಒಂದೂವರೆ ಪಿಎಸ್‌ಐಗಿಂತ ತುಸು ಹೆಚ್ಚು ವ್ಯತ್ಯಾಸ. ಅಂದರೆ ಮಧ್ಯಾಹ್ನ ತುಂಬಿಸಿ ಬೆಳಗ್ಗೆ ನೋಡಿದರೆ 25ರಷ್ಟು ಇಳಿದಿರುತ್ತದೆ, ಲೀಕ್ ಇಲ್ಲದೆಯೂ. ಮರುದಿನ ಅದೇ ಹೊತ್ತಿಗೆ, ಅದೇ ಬಿಸಿಲಲ್ಲಿ ಗೇಜ್ ಓದಿ. ಆಗಲೂ ಕಡಿಮೆ ಇದ್ದರೆ ಸೋಪು ನೊರೆ ಹಚ್ಚಿ ಹುಡುಕಿ.

ಗ್ಯಾಸ್ ಬಿಡುವ ಮೊದಲು ವ್ಯಾಕ್ಯೂಮ್ ಪಂಪ್‌ನಿಂದ ಪೈಪ್ ಒಳಗಿನ ಗಾಳಿ, ತೇವ ಹೊರಗೆಳೆಯಬೇಕು. ಈ ವ್ಯಾಕ್ಯೂಮ್ ವಿಷಯದಲ್ಲಿ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಚಿತ್ರದುರ್ಗ 730ರ ಆಸುಪಾಸು. ಇಲ್ಲಿನ ಗಾಳಿಯ ಒತ್ತಡವೇ ಪಾದರಸದ 28 ಇಂಚಿನೊಳಗೆ ಇರುವುದರಿಂದ ಕಡಿಮೆ ಒತ್ತಡ ತೋರಿಸುವ ನೀಲಿ ಗೇಜ್‌ನ ಮುಳ್ಳು 30 ಮುಟ್ಟುವುದೇ ಇಲ್ಲ. ಪಂಪ್ ಕೆಟ್ಟಿದೆ ಅಂದುಕೊಳ್ಳಬೇಡಿ. ಹಾಗೆಯೇ ಮುಳ್ಳು 28ರ ಹತ್ತಿರ ನಿಂತ ಮಾತ್ರಕ್ಕೆ ತೇವ ಹೋಗಿದೆ ಎಂದೂ ಅಲ್ಲ. ಅದನ್ನು ತೋರಿಸುವುದು ಅತಿ ಕಡಿಮೆ ಒತ್ತಡ ಅಳೆಯುವ ಮೈಕ್ರಾನ್ ಗೇಜ್ ಮಾತ್ರ. 500 ಮೈಕ್ರಾನ್‌ಗಿಂತ ಕೆಳಗೆ ಇಳಿಸಿ, ಪಂಪ್ ಬೇರ್ಪಡಿಸಿ, ಹದಿನೈದು ನಿಮಿಷ ಕಾಯಿರಿ. ಒಂದಿಷ್ಟು ಏರಿ ನಿಂತರೆ ತೇವ ಉಳಿದಿದೆ, ನಿಲ್ಲದೆ ಏರುತ್ತಲೇ ಇದ್ದರೆ ಲೀಕ್. ಎರಡೂ ಇಲ್ಲವೆಂದು ಖಾತ್ರಿಯಾದ ಮೇಲೆ ಗ್ಯಾಸ್ ಬಿಡಿ. ಪೈಪ್ ಉದ್ದ ಹೆಚ್ಚಿದ್ದರೆ ಕೈಪಿಡಿ ಹೇಳುವಷ್ಟು ಗ್ರಾಂ ತೂಕದ ಯಂತ್ರದಲ್ಲಿಟ್ಟು ಸೇರಿಸಬೇಕು, ಗೇಜ್ ನೋಡಿ ಅಂದಾಜಿನಲ್ಲಿ ಅಲ್ಲ. ಈಗಿನ ಬಹಳಷ್ಟು ಎಸಿಗಳಲ್ಲಿ ಬರುವ ಆರ್‌32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ರಿಪೇರಿಗೆ ಟಾರ್ಚ್ ಹಚ್ಚುವ ಮೊದಲು ಲೈನ್ ಖಾಲಿ ಇರಬೇಕು.

ವೈರಿಂಗ್‌ನಲ್ಲಿ ಎರಡೇ ಮಾತು. 2 ಟನ್‌ಗೆ 4 ಚದರ ಮಿ.ಮೀ. ತಾಮ್ರದ ವೈರ್ ಬೋರ್ಡ್‌ನಿಂದ ನೇರ ಬರಲಿ, 25 ಆ್ಯಂಪಿಯರ್ ಎಂಸಿಬಿ ಬೇರೆಯೇ ಇರಲಿ. ಒಳಗೂ ಹೊರಗೂ ಹೋಗುವ ಸಿಗ್ನಲ್ ವೈರ್‌ಗೆ ನಡುವೆ ಜಾಯಿಂಟ್ ಬೇಡ.

ಔಟ್‌ಡೋರ್ ಮಾಳಿಗೆ ಮೇಲೆ ಇಡುವಾಗ ಗಾಳಿ ನೋಡಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಜೂನ್‌ನಿಂದ ಪಡುವಣ ಗಾಳಿ ಜೋರು, ಫ್ಯಾನ್‌ನ ಮುಖ ಪಡುವಣಕ್ಕಿದ್ದರೆ ಬಿಸಿಗಾಳಿ ಮತ್ತೆ ಕಾಯಿಲ್‌ಗೇ ತಳ್ಳಿಸಿಕೊಳ್ಳುತ್ತದೆ. ಮುಖ ಉತ್ತರಕ್ಕೋ ದಕ್ಷಿಣಕ್ಕೋ ಇರಲಿ, ಹಿಂದೆ 300 ಮಿ.ಮೀ., ಮುಂದೆ ಒಂದು ಮೀಟರ್‌ಗೂ ಮೇಲೆ ಖಾಲಿ ಇರಲಿ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಆಸುಪಾಸು ಹೊಗೆಯ ಮಸಿ ಕಾಯಿಲ್‌ನ ರೆಕ್ಕೆಗಳಲ್ಲಿ ಅಂಟುತ್ತದೆ. ಅಲ್ಲಿ ಔಟ್‌ಡೋರ್ ಅನ್ನು ತಿಂಗಳಿಗೊಮ್ಮೆ ತೊಳೆಯಲು ಕೈಗೆಟುಕುವಂತೆಯೇ ಇಡಬೇಕು.

ಸೀಲಿಂಗ್ ಮುಚ್ಚುವ ಮೊದಲು ನೀರಿನ ಪರೀಕ್ಷೆ. ಟ್ರೇಗೆ ಎರಡು ಲೀಟರ್ ನೀರನ್ನು ಗಾಳಿ ಬರುವ ಬಾಯಿಯಿಂದ ನಿಧಾನ ಸುರಿಯಿರಿ, ಎಲೆಕ್ಟ್ರಿಕ್ ಪೆಟ್ಟಿಗೆಗೆ ಸಿಡಿಯದಂತೆ. ಕೂಲಿಂಗ್ ಮೋಡ್‌ನಲ್ಲಿ ಓಡಿಸಿ, ಹೊರಗೆ ನೀರು ಬೀಳುವುದನ್ನು ಕಣ್ಣಾರೆ ನೋಡಿ, ಪ್ರತಿ ಜಾಯಿಂಟ್ ಒಣಗಿದೆಯೇ ಎಂದು ಟಿಶ್ಯೂ ಕಾಗದ ಒತ್ತಿ ನೋಡಿ. ಮಷಿನ್ ನಿಲ್ಲಿಸಿ ಹತ್ತು ನಿಮಿಷ ಕಾಯಿರಿ. ಹಿಂದೆ ಬಂದ ನೀರು ಟ್ರೇ ದಾಟಿ ಚೆಲ್ಲಬಾರದು. ಜಿಪ್ಸಮ್ ಮೇಸ್ತ್ರಿ ಅವಸರ ಮಾಡಿದರೂ ಇದು ಮುಗಿಯುವವರೆಗೆ ಸೀಲಿಂಗ್ ಮುಚ್ಚಲು ಬಿಡಬೇಡಿ.

ಪ್ಯಾನೆಲ್ ಕೂರಿಸುವಾಗ ಅದರ ಮೇಲಿನ ಗುರುತು ಮಷಿನ್‌ನ ಪೈಪ್ ಮೂಲೆಗೆ ಹೊಂದಬೇಕು, ನಾಲ್ಕೂ ಸ್ಕ್ರೂ ಸಮನಾಗಿ ಬಿಗಿದು ಫೋಮ್ ಪಟ್ಟಿ ಸೀಲಿಂಗ್‌ಗೆ ಒತ್ತಬೇಕು. ಇಲ್ಲಿ ಒಂದು ಎಳೆ ಸಂದಿ ಉಳಿದರೂ ಸೀಲಿಂಗ್ ಮೇಲಿನ ಬಿಸಿಗಾಳಿ ತಂಪು ಪ್ಯಾನೆಲ್‌ಗೆ ತಾಗಿ ಅಂಚಿನಲ್ಲಿ ಹನಿಗಟ್ಟುತ್ತದೆ. ಅದನ್ನು ಡ್ರೈನ್ ಲೀಕ್ ಎಂದುಕೊಂಡು ಪಂಪ್ ಬದಲಿಸುವವರು ಬಹಳ. ಹನಿ ಪ್ಯಾನೆಲ್ ಅಂಚಿನ ಸುತ್ತ ಸಾಲಾಗಿದ್ದರೆ ಸಂದಿಯ ದೋಷ. ಒಂದೇ ಮೂಲೆಯಿಂದ ಧಾರೆಯಾಗಿದ್ದರೆ ಮಟ್ಟ ಅಥವಾ ಪಂಪ್. ಮಷಿನ್‌ನಿಂದ ದೂರದಲ್ಲಿ ಸೀಲಿಂಗ್ ನೆನೆದಿದ್ದರೆ ಪೈಪ್‌ನ ಹೊದಿಕೆ ಬಿಟ್ಟಿದೆ, ಇಲ್ಲವೇ ಡ್ರೈನ್ ಜಾಯಿಂಟ್ ಬಿಟ್ಟಿದೆ.

ಅರ್ಧ ತಾಸು ಓಡಿಸಿದ ಮೇಲೆ ಒಳಗೆ ಹೋಗುವ ಗಾಳಿ ಮತ್ತು ಹೊರಬರುವ ಗಾಳಿಯ ಉಷ್ಣತೆ ಅಳೆಯಿರಿ. 8ರಿಂದ 12 ಡಿಗ್ರಿ ವ್ಯತ್ಯಾಸ ಬರಬೇಕು. ಆ ಅಂಕಿ, ಎಳೆದ ಆ್ಯಂಪಿಯರ್, ಸೇರಿಸಿದ ಗ್ಯಾಸ್‌ನ ಗ್ರಾಂ ಇವನ್ನು ಔಟ್‌ಡೋರ್ ಮುಚ್ಚಳದ ಒಳಗೆ ಬರೆದು ಅಂಟಿಸಿ. ಬೆಣ್ಣೆದೋಸೆ ಹೋಟೆಲ್‌ಗೆ ಹಾಕುವುದಾದರೆ ಮಷಿನ್ ಹಂಚಿನಿಂದ ದೂರವಿರಲಿ, ಹಂಚಿನ ಮೇಲೆ ಹೊಗೆ ಎಳೆಯುವ ಫ್ಯಾನ್ ಮೊದಲು ಬರಲಿ. ಬೆಣ್ಣೆಯ ಜಿಡ್ಡು ಫಿಲ್ಟರ್ ದಾಟಿ ಟ್ರೇಗೆ ಇಳಿದು ಪಂಪ್‌ನ ಬಾಯಿ ಕಟ್ಟುತ್ತದೆ. ಅಲ್ಲಿ ಫಿಲ್ಟರ್ ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪು ನೀರಿನಲ್ಲಿ ತೊಳೆಯಬೇಕು, ಟ್ರೇ ಮೂರು ತಿಂಗಳಿಗೊಮ್ಮೆ ಇಳಿಸಿ ಉಜ್ಜಬೇಕು.