ಬರೀ ಸಾದಾ ಊಟ

ಬೀಜಿಂಗ್‌ನ ನಮ್ಮ ಎದುರುಮನೆಯ ಅಜ್ಜಿ ಬುಧವಾರವೇ ಬಾಗಿಲು ತಟ್ಟಿದರು. ‘ಶನಿವಾರ ಊಟಕ್ಕೆ ಬಾ, ಬರೀ ಸಾದಾ ಊಟ.’ ಮೂರು ದಿನ ಮೊದಲೇ ಹೇಳಿದರೆ ಆಮಂತ್ರಣ, ಎರಡು ದಿನ ಮೊದಲಾದರೆ ಬರೀ ಕರೆಯುವುದು, ಅದೇ ದಿನ ಹೇಳಿದರೆ ಹಿಡಿದು ಎಳೆದೊಯ್ಯುವುದು ಎಂಬರ್ಥದ ಮಾತು ಚೀನೀಯರಲ್ಲಿದೆ. ಅಜ್ಜಿ ನನ್ನನ್ನು ನಿಜವಾಗಿಯೂ ಆಮಂತ್ರಿಸಿದ್ದರು!

‘ತೈ ಮಾಫಾನ್ ನಿನ್ ಲ’ ಎಂದೆ. ನಿಮಗೆ ತುಂಬಾ ತೊಂದರೆಯಾಗುತ್ತದೆ ಎಂದರ್ಥ. ಅವರು ಮತ್ತೆ ಕರೆದರು, ನಾನು ಮತ್ತೆ ಹಿಂಜರಿದೆ. ಮೂರನೆಯ ಸಲ ಕರೆದಾಗ ಒಪ್ಪಿಕೊಂಡೆ. ಮೊದಲ ಮಾತಿಗೇ ಹೂಂ ಎಂದರೆ ಹಿರಿಯರ ಕಣ್ಣಿಗೆ ಆತುರವಾಗಿ ಕಾಣಬಹುದು. ಆ ಎರಡು ‘ಬೇಡ’ಗಳು ಅವರ ಶ್ರಮಕ್ಕೆ ಕೊಡುವ ಮರ್ಯಾದೆ. ಹೋಳಿಗೆ ಬಡಿಸುವವರ ಮುಂದೆ ಎಲೆಗೆ ಕೈ ಅಡ್ಡ ಹಿಡಿದು ಬೆಳೆದ ನನಗೆ ಇದು ಹೊಸದೆನಿಸಲಿಲ್ಲ.

ಶನಿವಾರ ಹೋದರೆ ಮೇಜಿನ ಮೇಲೆ ಎಂಟು ಬಗೆ! ಇಡಿಯಾಗಿ ಬೇಯಿಸಿದ ಮೀನಿನ ತಲೆಯನ್ನು ನನ್ನ ಕಡೆಗೆ ತಿರುಗಿಸಿಟ್ಟಿದ್ದರು. ಅದು ಮುಖ್ಯ ಅತಿಥಿಗೆ ಸಲ್ಲುವ ಗೌರವ. ಅಷ್ಟೆಲ್ಲ ಮಾಡಿಟ್ಟು, ‘ವಿಶೇಷವೇನೂ ಇಲ್ಲ, ಇದ್ದುದರಲ್ಲೇ ತಿನ್ನು’ ಎನ್ನುತ್ತ ನನ್ನ ಬಟ್ಟಲಿಗೆ ಬಡಿಸುತ್ತಲೇ ಇದ್ದರು. ನನ್ನ ಕಣ್ಣು ತುಂಬಿ ಬಂತು.

‘ಗಾಯ್‌ಥಿಯೆನ್’, ಅಂದರೆ ‘ಇನ್ನೊಂದು ದಿನ’, ಊಟಕ್ಕೆ ಸೇರೋಣ ಎನ್ನುವುದು ಇಲ್ಲಿ ಅನೇಕ ಸಲ ಬೀಳ್ಕೊಡುವ ಸೌಜನ್ಯದ ಮಾತಷ್ಟೇ. ಹಾಗಾಗಿ ನಾನು ದಿನ ಹೇಳಿಯೇ ಕರೆದು ಬಂದಿದ್ದೇನೆ: ಮುಂದಿನ ಭಾನುವಾರ ಮಧ್ಯಾಹ್ನ, ನಮ್ಮ ಮನೆಯಲ್ಲಿ ಬಿಸಿಬೇಳೆಬಾತ್. ಅಜ್ಜಿ ಈಗಾಗಲೇ ಒಂದು ಸಲ ಬೇಡ ಎಂದಿದ್ದಾರೆ.