ಮಂದಿ ಎಲ್ಲಿ ಕುಂದರ್ಬೇಕ್ರಿ?

"ಸೀಟ್ ಎಲ್ಲಾ ತಗದೀರಿ. ಮಂದಿ ಎಲ್ಲಿ ಕುಂದರ್ಬೇಕ್ರಿ ಮತ್ತ?"

ಮಂಗಳವಾರ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ, ನಾನು ಕೊಂಡ ಗಾಡಿಯ ಹಳೆಯ ಯಜಮಾನರು ಕೇಳಿದ ಮಾತು ಇದು. ವಾರ ಮುಗಿಯುತ್ತಾ ಬಂತು, ಇನ್ನೂ ಕಿವಿಯಿಂದ ಹೋಗಿಲ್ಲ. ಗಾಡಿ ನನ್ನ ಹೆಸರಿಗೆ ಆಗಬೇಕಲ್ಲ, ಫಾರಂ 29, 30ಕ್ಕೆ ಸಹಿ ಹಾಕಲು ಅವರು ಹಾನಗಲ್ ಕಡೆಯಿಂದ ಬಂದಿದ್ದರು. ಸಹಿ ಹಾಕಿ, ಚಹಾ ಕುಡಿದು ಬಸ್ ಹಿಡಿಯುತ್ತಾರೆ ಅಂದುಕೊಂಡಿದ್ದೆ. ಅವರು ಸೀದಾ ಗಾಡಿಯ ಹಿಂದೆ ಹೋಗಿ ನಿಂತರು. ತಳದ ತುಕ್ಕು ನೋಡಬೇಕು ಅಂತ ನಾವು ಸೀಟೆಲ್ಲ ಬಿಚ್ಚಿದ್ದೆವು. ಒಳಗೆ ಬರೀ ತಗಡು. ಮೇಲೆ ಜನ ಹಿಡಿದುಕೊಳ್ಳುವ ಕಬ್ಬಿಣದ ಪೈಪು ಮಾತ್ರ ಉಳಿದಿತ್ತು. ಸಾವಿರಾರು ಕೈ ತಾಗಿ ಅದರ ಬಣ್ಣ ಹೋಗಿ, ನಡುವೆ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ಹಿಡಿದುಕೊಂಡೇ ಅವರು ಆ ಪ್ರಶ್ನೆ ಕೇಳಿದ್ದು.

ಗಾಡಿ ಫೋರ್ಸ್ ಟ್ರ್ಯಾಕ್ಸ್ ಕ್ರೂಸರ್. ಉತ್ತರ ಕರ್ನಾಟಕದವರಿಗೆ ಬೇರೆ ವಿವರಣೆ ಬೇಡ. ಉಳಿದವರಿಗೆ ಹೇಳುವುದಾದರೆ, ಊರಿಂದೂರಿಗೆ ಬಾಡಿಗೆಗೆ ಜನರನ್ನು ಒಯ್ಯುವ ದೊಡ್ಡ ಜೀಪು. ಹನ್ನೆರಡು ಜನ ಮತ್ತು ಡ್ರೈವರ್. ಮ್ಯಾಕ್ಸಿ ಕ್ಯಾಬ್ ಅಂದರೆ ಕಾನೂನಿನಲ್ಲಿ ಅಷ್ಟೇ ಮಿತಿ. ಸಂತೆ ದಿನ ಎಷ್ಟು ಜನ ಇರುತ್ತಿದ್ದರು ಅನ್ನೋದು ನಮಗೆಲ್ಲ ಗೊತ್ತು.

ನನ್ನ ಕೆಲಸ ಶಿರಸಿ, ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯ ಒಂಟಿ ಮನೆಗಳಲ್ಲಿ. ತೋಟದ ಕೆಳಗಿನ ಹಳ್ಳಕ್ಕೆ ಕೂಡಿಸಿದ ಸಣ್ಣ ಜಲವಿದ್ಯುತ್ ಟರ್ಬೈನು, ಸೋಲಾರು, ಬ್ಯಾಟರಿ, ಇವುಗಳ ರಿಪೇರಿ. ಒಂದು ಕಿಲೋವ್ಯಾಟ್ ಟರ್ಬೈನು ಹಗಲು ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್ಟು. ದೀಪ, ಮಿಕ್ಸಿ, ಟಿವಿ ಎಲ್ಲ ಕಳೆದು ಮಿಕ್ಕ ಕರೆಂಟು ಹೀಟರಿಗೆ ಹೋಗಿ ಸ್ನಾನಕ್ಕೆ ನೀರು ಕಾಯುತ್ತದೆ. ಹಳ್ಳದಲ್ಲಿ ನೀರಿರುವುದು ಮಳೆಗಾಲದಲ್ಲಿ. ಟರ್ಬೈನು ಕೆಡುವುದೂ ಆಗಲೇ. ನಾಝಲ್ಲಿಗೆ ಎಲೆ ಕಟ್ಟುತ್ತದೆ, ಮರಳು ಉಜ್ಜಿ ಉಜ್ಜಿ ಚಕ್ರದ ಬಟ್ಟಲು ಸವೆಯುತ್ತದೆ, ಬೇರಿಂಗಿಗೆ ನೀರು ಹೋಗುತ್ತದೆ. ವೈಸ್, ಗ್ರೈಂಡರ್, ವೆಲ್ಡಿಂಗ್ ಸೆಟ್ ಹೊತ್ತುಕೊಂಡು ಬಸ್ಸಲ್ಲಿ ಹೋಗಕ್ಕಾಗತ್ತಾ? ಹೋದರೂ ಕೆಲಸ ಒಂದೇ ದಿನಕ್ಕೆ ಮುಗಿಯುವುದಿಲ್ಲ. ರಾತ್ರಿ ಉಳಿದರೆ ಆ ಮನೆಯ ಅಮ್ಮನಿಗೆ ಮತ್ತೆರಡು ಹೊತ್ತಿನ ಅಡುಗೆ. ಅವರು ಪ್ರೀತಿಯಿಂದಲೇ ಬಡಿಸುತ್ತಾರೆ, ಆದರೆ ಕರೆಂಟಿಲ್ಲದ ಮನೆಯಲ್ಲಿ ಒಲೆ ಮುಂದೆ ಇನ್ನೊಬ್ಬರಿಗಾಗಿ ಕೂರುವುದು ಎಷ್ಟು ಕಷ್ಟ ಅಂತ ನೋಡಿದ್ದೇನೆ. ಅದಕ್ಕೇ ಮಲಗಲು, ಅನ್ನ ಬೇಯಿಸಿಕೊಳ್ಳಲು, ಕೆಲಸ ಮಾಡಲು ಒಂದೇ ಗಾಡಿ ಬೇಕು ಅಂತ ಹಟ ಹಿಡಿದೆ.

ಈ ತರಹದ ಗಾಡಿ ಕಟ್ಟುವವರಲ್ಲಿ ಒಂದು ಚಟ ಇದೆ, ನನಗೆ ಅದು ಇಷ್ಟವಿಲ್ಲ. ಮೊದಲು ಮೇಲೆ ಕ್ಯಾರಿಯರು, ಅದರ ಮೇಲೆ ನೀರಿನ ಟ್ಯಾಂಕು, ಸುತ್ತ ಲೈಟು. ಗ್ಯಾರೇಜಿನ ಹುಡುಗನೂ ಶುರುವಿನಿಂದ ಲೈಟಿನ ಬಗ್ಗೆಯೇ ಮಾತಾಡಿದ. ಒಳ್ಳೆಯ ಹುಡುಗ, ಕೈ ಚುರುಕು, ಆದರೆ ಹಳ್ಳದ ದಾರಿಯಲ್ಲಿ ಗಾಡಿ ಒಂದು ಕಡೆ ವಾಲಿದಾಗ ಮೇಲಿನ ಭಾರ ಏನು ಮಾಡುತ್ತದೆ ಅಂತ ಅವನಿನ್ನೂ ಕಂಡಿಲ್ಲ. ನೂರು ಲೀಟರ್ ನೀರು ಅಂದರೆ ನೂರು ಕಿಲೋ. ಅದು ಇರಬೇಕಾದ್ದು ತಳದಲ್ಲಿ, ಎರಡು ಆಕ್ಸಲ್‌ಗಳ ನಡುವೆ. ಬ್ಯಾಟರಿಯೂ ಅಲ್ಲೇ. ಹಲಗೆಗೆ 18 ಎಂಎಂ ಪ್ಲೈವುಡ್ ಬೇಡ, 12 ಎಂಎಂ ಸಾಕು ಅಂದೆ. ಎಂಟಕ್ಕೆ ನಾಲ್ಕು ಅಡಿಯ ಒಂದೊಂದು ಹಾಳೆಗೇ ಹತ್ತು ಕಿಲೋ ಮೇಲೆ ಉಳಿಯುತ್ತದೆ.

ಹಾಗಂತ ಗಾಡಿ ತೀರಾ ಹಗುರವಾದರೂ ಕಷ್ಟ. ಸೀಟು ಬಿಚ್ಚಿದ ಮೇಲೆ ಒಂದು ಸುತ್ತು ಓಡಿಸಿ ನೋಡಿದೆ. ಸಣ್ಣ ಗುಂಡಿಗೂ ಹಿಂಭಾಗ ಎದ್ದೆದ್ದು ಬೀಳುತ್ತಿತ್ತು. ಹಿಂದಿನ ಲೀಫ್ ಸ್ಪ್ರಿಂಗ್ ಇರುವುದು ತುಂಬಿದ ಗಾಡಿಗೆ. ತಲೆಗೆ 65 ಕಿಲೋ ಹಿಡಿದರೂ ಹನ್ನೆರಡು ಜನಕ್ಕೆ 780 ಕಿಲೋ ಆಯಿತು. ಜನ ಇಳಿದು ಹೋದರೂ ಸ್ಪ್ರಿಂಗಿಗೆ ಅವರ ಲೆಕ್ಕ ಮರೆತಿಲ್ಲ.

"ಫೋರ್ ಬೈ ಫೋರ್ ಮಾಡಿಸಿಬಿಡಿ ಸಾರ್, ಗೂರ್ಖಾದ ಸಾಮಾನು ಕೂರತ್ತೆ" ಅಂತ ಸಲಹೆ ಕೊಟ್ಟವರು ಬಹಳ ಜನ. ಗೂರ್ಖಾ ಅಂದರೆ ಅದೇ ಕಂಪನಿಯ, ನಾಲ್ಕೂ ಚಕ್ರ ಎಳೆಯುವ ಜೀಪು. ನಾನು ಒಪ್ಪಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪಘಾತವಾದ ದಿನ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಆರ್‌ಸಿ. ಹಿಂದಿನ ಚಕ್ರ ಮಾತ್ರ ಎಳೆಯುವ ಗಾಡಿಯಲ್ಲಿ ಒಂದು ಚಕ್ರ ಕೆಸರಲ್ಲಿ ಗಿರಗಿರ ತಿರುಗಿದರೆ ಇನ್ನೊಂದು ಸುಮ್ನೆ ನಿಂತುಬಿಡುತ್ತದೆ, ನಿಜ. ಅದಕ್ಕೆ ಒಳ್ಳೆಯ ಟೈರು, ಗಾಳಿ ಇಳಿಸಿ ಮತ್ತೆ ತುಂಬಲು ಕಂಪ್ರೆಸರು, ಕೈಯಿಂದ ಎಳೆಯುವ ವಿಂಚು, ಬಂಪರಿಗಲ್ಲದೆ ಚಾಸಿಗೇ ಬೋಲ್ಟ್ ಹಾಕಿದ ಕೊಕ್ಕೆ. ಇಷ್ಟರಲ್ಲಿ ಹೋಗಲಾಗದ ದಾರಿಯಲ್ಲಿ ಗಾಡಿ ಬಿಟ್ಟು ನಡೆದು ಹೋಗಬೇಕು, ಅಷ್ಟೇ.

ಸೀಟಿನ ಕೆಳಗೆ ಸಿಕ್ಕಿದ್ದನ್ನು ಹೇಳಲೇಬೇಕು. ರಬ್ಬರ್ ಮ್ಯಾಟ್ ಎಳೆದಾಗ ಮೂಲೆಯಲ್ಲಿ ಮಣ್ಣು ಗಟ್ಟಿಯಾಗಿ ಕೂತಿತ್ತು. ಸ್ಕ್ರೂ ಡ್ರೈವರಿನಿಂದ ಕೆದರಿದರೆ ಶೇಂಗಾ ಸಿಪ್ಪೆ, ಅಡಿಕೆ ಚೂರು, ಹತ್ತಿಯ ಎಳೆ, ಒಂದು ಬಳಪ, ಹಸಿರು ಗಾಜಿನ ಬಳೆಯ ತುಂಡುಗಳು. ಬಳೆ ಚೂರು ಮಾತ್ರ ಬಹಳ. ನೂಕುನುಗ್ಗಲಲ್ಲಿ ಆ ಪೈಪು ಹಿಡಿಯಲು ಕೈ ಎತ್ತಿದಾಗ ಒಡೆದಿರಬೇಕು.

ಯಜಮಾನರು ಅದನ್ನೂ ನೋಡಿದರು. "ಇದರಾಗ ಎರಡ ಹೆರಿಗಿ ಆಗ್ಯಾವ್ರಿ" ಅಂದರು. ಒಂದು ಸಲ ದವಾಖಾನೆ ಮುಟ್ಟುವ ಮೊದಲೇ ಗಾಡಿ ನಿಲ್ಲಿಸಿ, ಗಂಡಸರನ್ನೆಲ್ಲ ಇಳಿಸಿ, ತಾನೂ ಇಳಿದು ರಸ್ತೆಗೆ ಮುಖ ಮಾಡಿ ನಿಂತಿದ್ದರಂತೆ. ಒಳಗಿದ್ದ ಹೆಂಗಸರೇ ಎಲ್ಲ ನೋಡಿಕೊಂಡರಂತೆ. ಯಾಕೆ ಮಾರಿದಿರಿ ಅಂತ ಕೇಳಿದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವರ ಸೀಟು ತುಂಬುತ್ತಿರಲಿಲ್ಲ. ಅದನ್ನೂ ಸಿಟ್ಟಿಲ್ಲದೆ ಹೇಳಿದರು. "ಹೆಣ್ಮಕ್ಕಳಿಗೆ ಬಸ್ ಫ್ರೀ ಆತು, ಚಲೋನ ಆತ್ರಿ. ನನ್ನ ಮಗಳೂ ಅದರಾಗ ಹೋಗ್ತಾಳ." ಸ್ವಂತ ಹೊಟ್ಟೆಗೆ ಹೊಡೆತ ಬಿದ್ದಾಗಲೂ ಹೀಗೆ ಮಾತಾಡುವವರು ಎಷ್ಟು ಜನ ಇದ್ದಾರೆ? ಅವರ ಬಗ್ಗೆ ಬಹಳ ಗೌರವ ಬಂತು.

ಶಕ್ತಿ ಯೋಜನೆ ಒಳ್ಳೆಯದೇ ಅಂತ ನಾನೂ ನಂಬಿದ್ದೇನೆ. ಆದರೆ ಬಸ್ಸೇ ಬಾರದ ದಾರಿಯಲ್ಲಿ, ಬಸ್ಸಿಲ್ಲದ ಹೊತ್ತಿನಲ್ಲಿ ಈ ಗಾಡಿಗಳೇ ಇದ್ದವು. ಒಂದೊಂದೇ ಗಾಡಿ ಹೀಗೆ ಮಾರಾಟವಾದಾಗ ಊರಿಗೆ ಏನು ಹೋಯಿತು ಅಂತ ಯಾರೂ ಬರೆದಿಡುವುದಿಲ್ಲ. ಕೊಳ್ಳುವವರು ನನ್ನಂಥವರು. ಹನ್ನೆರಡು ಜನರ ಜಾಗವನ್ನು ಒಬ್ಬನ ಮನೆ ಮಾಡಿಕೊಳ್ಳುತ್ತೇವೆ. ದುಡ್ಡು ಕೊಟ್ಟಿದ್ದೇನೆ, ಅದು ನನ್ನ ಹಕ್ಕು, ಸರಿ. ಆದರೂ ನಾನು ಹೋಗುವ ದಾರಿಗಳನ್ನು ನೆನೆಸಿಕೊಂಡೆ. ಜೋಯಿಡಾ ಕಡೆ ಮಳೆಯಲ್ಲಿ ಶಾಲೆ ಬಿಟ್ಟು ನಡೆಯುವ ಮಕ್ಕಳು, ಜ್ವರ ಬಂದ ಅಜ್ಜನನ್ನು ಕರೆದೊಯ್ಯಲು ಜೀಪಿಗೆ ಕಾಯುವ ಮನೆಯವರು. ಅವರ ಮುಂದೆ ಇಷ್ಟು ದೊಡ್ಡ ಗಾಡಿ ನಿಲ್ಲಿಸಿ, ಹಿಂದೆ ಅಡುಗೆ ಕಟ್ಟೆ ಇದೆ, ಜಾಗ ಇಲ್ಲ ಅಂತ ಹೇಳಬೇಕಾ? ಮಂದಿ ಎಲ್ಲಿ ಕುಂದರ್ಬೇಕ್ರಿ ಅನ್ನುವ ಮಾತಿಗೆ ಆಗ ನಾನು ಏನೂ ಉತ್ತರ ಕೊಡಲಿಲ್ಲ. ಅವರೂ ಒತ್ತಾಯ ಮಾಡಲಿಲ್ಲ. ಟವೆಲ್ ಕೊಡವಿ ಹೊರಟರು.

ಗುರುವಾರ ನಕ್ಷೆ ಬದಲಿಸಿದೆ. ಡ್ರೈವರ್ ಹಿಂದಿನ, ಮುಂದಕ್ಕೆ ಮುಖ ಮಾಡಿದ ನಡುವಿನ ಸೀಟು ಮತ್ತೆ ಅದೇ ಜಾಗಕ್ಕೆ, ಅದೇ ಬೋಲ್ಟಿಗೆ ಬರುತ್ತದೆ. ಹಲಗೆ ಹಾಕಿ ಮೇಲೆ ಜನ ಕೂರಿಸುವುದಲ್ಲ, ಬೆಲ್ಟ್ ಇರುವ ನಿಜವಾದ ಸೀಟು. ಹಿಂದೆ ಎದುರುಬದುರು ಬೆಂಚು ಇದ್ದ ಕಡೆ ಎಡಕ್ಕೆ ಹಾಸಿಗೆ, ಅದರ ಕೆಳಗೆ ಲಿಥಿಯಂ ಬ್ಯಾಟರಿ ಮತ್ತು ನೀರು, ಬಲಕ್ಕೆ ಕೆಲಸದ ಮೇಜು, ವೈಸ್. ಅಡುಗೆ ಡಬ್ಬಿ ಹಿಂದಿನ ಬಾಗಿಲಿಗೆ ಬಂತು, ಹೊರಗೆ ನಿಂತು ಬೇಯಿಸುವುದು. ಮಳೆಯಲ್ಲಿ ಅಡುಗೆ ಮಾಡುವಾಗ ಬೆನ್ನು ನೆನೆಯುತ್ತದೆ, ನೆನೆಯಲಿ. ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಹೋಗಲು, ಸೀಟಿನ ಸಂಖ್ಯೆ ಇಳಿಸಲು ಆರ್‌ಟಿಒಗೆ ಅರ್ಜಿ ಬರೆದಿದ್ದೇನೆ. ಅನುಮತಿ ಕೈಗೆ ಬರುವವರೆಗೆ ಹಾಸಿಗೆ, ಮೇಜು ಯಾವುದನ್ನೂ ಕೂಡಿಸುವುದಿಲ್ಲ. ಅಷ್ಟರೊಳಗೆ ತುಕ್ಕಿನ ಕೆಲಸ ಮುಗಿಯಬೇಕು. ಸೀಟಿನ ಬೋಲ್ಟ್ ತೂತಿನ ಸುತ್ತ ತಗಡು ಕೈಯಲ್ಲೇ ಪುಡಿಯಾಗುತ್ತಿದೆ, ಅಷ್ಟನ್ನೂ ಕತ್ತರಿಸಿ ದಪ್ಪ ಪ್ಲೇಟ್ ಹಾಕಬೇಕು ಅಂತ ಟಿಂಕರಿಂಗ್‌ನವರು ಹೇಳಿದ್ದಾರೆ. ಹಾಕಿ ಅಂದಿದ್ದೇನೆ.

ರಾತ್ರಿ ಯಜಮಾನರಿಗೆ ಫೋನ್ ಮಾಡಿ ನಡುವಿನ ಸೀಟು ಇಡುತ್ತಿದ್ದೇನೆ ಅಂತ ಹೇಳಿದೆ. ಹೊಗಳಲಿಲ್ಲ, ಏನೂ ಇಲ್ಲ. "ಹಂಗಾದ್ರ ಎಡಗಡೆ ಬಾಗಲಾ ನೋಡ್ಕೊಳ್ರಿ. ಮಳಿಗಾಲದಾಗ ಬಿಗೀತೈತಿ. ಹಿಡಿಕಿ ಮ್ಯಾಲ ಎತ್ತಿ ಎಳೀರಿ, ಜಗ್ಗಬ್ಯಾಡ್ರಿ, ಮುರೀತದ" ಅಂದರು.